ಎಚ್ಚರಿಕೆಯ ಗಂಟೆಯ ಬಾಯಿ ಕಟ್ಟುವವರು

ತಿಕೋಟಾ, ಬಬಲೇಶ್ವರದ ಕಡೆಯ ದ್ರಾಕ್ಷಿ ತೋಟಗಳಲ್ಲಿ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯನ್ನು ತೆರೆದರೆ ಒಮ್ಮೊಮ್ಮೆ ಒಂದು ವಿಚಿತ್ರ ಕಾಣಸಿಗುವುದು. ಒಂದು ಫೇಸ್ ಹೋದೊಡನೆ ಮೋಟಾರನ್ನು ನಿಲ್ಲಿಸಬೇಕಾದ ಸಾಧನಕ್ಕೆ ತಂತಿಯ ತುಂಡೊಂದನ್ನು ಅಡ್ಡಹಾಕಿರುತ್ತಾರೆ. “ಸುಮ್ಮಸುಮ್ಮನ ನಿಂದರತೈತ್ರಿ” ಎಂಬುದು ಅದಕ್ಕೆ ದೊರೆಯುವ ಸಮಾಧಾನ. ರಾತ್ರಿಯೆಲ್ಲ ನೀರಿಗಾಗಿ ಕಾಯುವ ರೈತನನ್ನು ನಾವು ಹಳಿಯಲಾರೆವು. ಸುಟ್ಟರೆ ಸುಡುವುದು ಅವನ ಮೋಟಾರು. ಆದರೆ ಇದೇ ಅಭ್ಯಾಸ ಅಚ್ಚಿಗೆ ರಾಳ ತುಂಬುವ ಯಂತ್ರದ ಬಳಿಗೂ ಬಂದರೆ?

ಎಪಾಕ್ಸಿ ರಾಳವೂ ಗಟ್ಟಿಕಾರಕವೂ ಬೆರೆತಾಗ ಶಾಖ ಹುಟ್ಟುವುದು. ತೆಳುಪದರದಲ್ಲಿ ಅದು ಹೊರಗೆ ಹೋಗುವುದು. ದೊಡ್ಡ ಮುದ್ದೆಯಾಗಿ ನಿಂತರೆ ಒಳಗೇ ಉಳಿಯುವುದು. ಬಿಸಿಯಾದಷ್ಟೂ ಕ್ರಿಯೆ ಬಿರುಸು, ಬಿರುಸಾದಷ್ಟೂ ಬಿಸಿ. ಒತ್ತಡ, ಉಷ್ಣತೆ, ಮಿಶ್ರಣದ ಪ್ರಮಾಣಗಳಿಗೆ ಎಚ್ಚರಿಕೆಯ ಗಂಟೆ ಜೋಡಿಸುವುದು ಇದಕ್ಕಾಗಿಯೇ.

2020ರ ಮೇ 7ರಂದು ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ತೊಟ್ಟಿಯಲ್ಲಿದ್ದ ಸ್ಟೈರೀನ್ ಹೀಗೆಯೇ ತನ್ನಷ್ಟಕ್ಕೆ ಬಿಸಿಯೇರಿ, ಆವಿಯಾಗಿ ಹೊರನುಗ್ಗಿ, 12 ಜನರ ಪ್ರಾಣ ತೆಗೆದುಕೊಂಡಿತು. ಉಷ್ಣತೆಯನ್ನು ಅಳೆಯುತ್ತಿದ್ದುದು ತಳದಲ್ಲಿ ಮಾತ್ರ. ಬಿಸಿದ್ರವ ಹಗುರಾಗಿ ಮೇಲೆ ನಿಲ್ಲುವುದೆಂಬುದು ನಮ್ಮ ಪ್ರೌಢಶಾಲೆಯ ಪಾಠವಲ್ಲವೆ? ಮೊಳಗಿಸುವ ವ್ಯವಸ್ಥೆ 36 ಕಡೆ ಇದ್ದರೂ ಸೈರನ್ ಮೊಳಗಲೇ ಇಲ್ಲವೆಂದು ವಿಚಾರಣಾ ಸಮಿತಿ ಕಂಡುಕೊಂಡಿತು.

ಸುಳ್ಳು ಗಂಟೆ ಬಾರಿಸಿದರೆ ಅದರ ಕಾರಣವನ್ನು ಹುಡುಕಬೇಕೇ ಹೊರತು ಗಂಟೆಯ ಬಾಯಿ ಕಟ್ಟಬಾರದು. ಅದನ್ನು ಸ್ಥಗಿತಗೊಳಿಸುವ ಅಧಿಕಾರ, ಉತ್ಪಾದನೆಯ ಲೆಕ್ಕ ಒಪ್ಪಿಸಬೇಕಾದವನ ಕೈಯಲ್ಲಿ ಇರಲೇಬಾರದೆಂಬುದು ನಮ್ಮ ಅಭಿಪ್ರಾಯ. ವಿಜಯಪುರದಿಂದ ಕಾರ್ಖಾನೆಗಳಿಗೆ ತರಬೇತಿಗೆಂದು ಹೋಗುವ ತರುಣರು, ಉಷ್ಣಮಾಪಕ ಎಲ್ಲಿದೆ, ಗಂಟೆಯನ್ನು ಕಡೆಯ ಸಲ ಬಾರಿಸಿ ನೋಡಿದ್ದು ಎಂದು ಎಂಬುದನ್ನು ಮೊದಲ ದಿನವೇ ಕೇಳಲಿ. ಮೇಸ್ತ್ರಿ ಸಿಡುಕಿದರೂ ಚಿಂತೆಯಿಲ್ಲ.