ಕೆಮ್ಮಣ್ಣಿನ ನಾಡಿಗೆ ಹಸುರು ಪಿಂಗಾಣಿಯ ಪಾಠ

ಹಂಪೆಯ ಉತ್ಖನನಗಳಲ್ಲಿ ದೊರೆತ ಚೀನೀ ಪಿಂಗಾಣಿಯ ಚೂರುಗಳನ್ನು ವಿಜಯನಗರದ ಸಿರಿಗೆ ಸಾಕ್ಷಿಯೆಂದು ಕೊಂಡಾಡುವ ನಾವು, ಅಂಥ ಪಾತ್ರೆಗಳನ್ನು ನಿರ್ಮಿಸಿದ ಕುಂಬಾರರ ವಿದ್ಯೆ ಎಂಥದೆಂದು ವಿಚಾರಿಸುವುದೇ ಇಲ್ಲ. ಆ ವಿದ್ಯೆಯ ಪರಾಕಾಷ್ಠೆಗಳಲ್ಲೊಂದು ಸೆಲಡಾನ್ ಎಂಬ ಹಸುರು ಮೆರುಗಿನ ಪಾತ್ರೆ. ಸೋಂಗ್ ಮತ್ತು ಯುವಾನ್ ಅರಸರ ಕಾಲದಲ್ಲಿ ಝೆಜಿಯಾಂಗ್ ಪ್ರಾಂತದ ಲಾಂಗ್‌ಚುವಾನ್ ಆವಿಗೆಗಳಿಂದ ಹಡಗೇರಿದ ಈ ಪಾತ್ರೆಗಳು ಜಪಾನಿನಿಂದ ಈಜಿಪ್ಟಿನವರೆಗೆ ಮನ್ನಣೆ ಪಡೆದುವು.

ಆ ಹಸುರಿಗೆ ಕಾರಣ ಪಚ್ಚೆಯೂ ಅಲ್ಲ, ತಾಮ್ರವೂ ಅಲ್ಲ. ಮೆರುಗಿನಲ್ಲಿ ಶೇಕಡಾ 1ರಿಂದ 3ರಷ್ಟು ಬೆರೆತಿರುವ ಕಬ್ಬಿಣ. ಉಷ್ಣವು 1200 ಡಿಗ್ರಿಯನ್ನು ಮೀರುವಾಗ ಆವಿಗೆಗೆ ಗಾಳಿಯನ್ನು ಮಿತಗೊಳಿಸಿದರೆ, ಹಸಿದ ಬೆಂಕಿಯು ಕಬ್ಬಿಣದೊಳಗಿನ ಆಮ್ಲಜನಕವನ್ನೇ ಸೆಳೆದುಕೊಂಡು, ಕೆಂಪಾಗಬೇಕಾಗಿದ್ದುದನ್ನು ಹಸುರಾಗಿಸುತ್ತದೆ. ಲಾಂಗ್‌ಚುವಾನ್ ತಟ್ಟೆಯನ್ನು ಮಗುಚಿ ನೋಡಿದರೆ, ಮೆರುಗು ಬಳಿಯದೆ ಬಿಟ್ಟ ತಳದ ಅಂಚು, ಆರುವಾಗ ಗಾಳಿ ಸೋಕಿ, ಹಲವೊಮ್ಮೆ ಇಟ್ಟಿಗೆಯಂತೆ ಕೆಂಪೇರಿರುವುದು ಕಾಣುತ್ತದೆ. ಭದ್ರಾವತಿಯ ಕಾರ್ಖಾನೆಗೆ ಅದಿರನ್ನು ಒದಗಿಸಿದ ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯ ನೆಲಕ್ಕೆ ಬಣ್ಣ ಕೊಟ್ಟಿರುವುದೂ ಇದೇ ಕಬ್ಬಿಣವೇ.

ಬೆಂಕಿಯ ಈ ಗುಣವನ್ನು ನಮ್ಮವರೂ ಬಹು ಹಿಂದಿನಿಂದ ಬಲ್ಲರು. 1947ರಲ್ಲಿ ಪುರಾತತ್ತ್ವಜ್ಞ ವೀಲರ್ ಉತ್ಖನನ ನಡೆಸಿದ ಬ್ರಹ್ಮಗಿರಿಯ ಬೃಹತ್‌ಶಿಲಾ ಸಮಾಧಿಗಳಲ್ಲಿ ಒಂದೇ ಪಾತ್ರೆಯ ಒಳಮೈ ಕಪ್ಪು, ಹೊರಮೈ ಕೆಂಪು; ಹೊಗೆಯನ್ನು ಒಳಗೇ ಕಟ್ಟಿ ಮಡಕೆಯನ್ನು ಕಪ್ಪಾಗಿಸುವ ಕುಂಬಾರನ ಕೈಚಳಕವೂ ಅದೇ ವಿದ್ಯೆಯ ಕುಡಿ. ಕೊರತೆಯಿರುವುದು ಬುದ್ಧಿಯಲ್ಲಲ್ಲ, ಉನ್ನತ ಉಷ್ಣದ ಆವಿಗೆಯಲ್ಲಿ ಮತ್ತು ಮೆರುಗಿನ ಶಾಸ್ತ್ರದಲ್ಲಿ.

ಲಾಂಗ್‌ಚುವಾನ್‌ನ ಸುಡುವ ಕಲೆಯನ್ನು 2009ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಾದರೋ ಕುಂಬಾರಿಕೆಯನ್ನು ಕುಲಕಸುಬೆಂದು ಕನಿಕರದಿಂದ ಕಾಣುವವರು ಬಹುಮಂದಿ, ವಿಜ್ಞಾನವೆಂದು ಕಾಣುವವರು ವಿರಳ. ಪ್ರೌಢಶಾಲೆಯ ರಸಾಯನ ಪಾಠದ ಉತ್ಕರ್ಷಣ, ಅಪಕರ್ಷಣಗಳನ್ನು ಮಕ್ಕಳು ಆವಿಗೆಯ ಮುಂದೆ ನಿಂತು ಕಲಿಯಲಿ; ಆ ತರಗತಿಗೆ ಊರಿನ ಕುಂಬಾರನನ್ನು ಸಂಭಾವನೆಯಿತ್ತು ಗುರುವಾಗಿ ಕರೆಯಲಿ. ಪಾನಕದ ಬಂಡಿಗಳನ್ನು ಕಟ್ಟಿಕೊಂಡು ಸುತ್ತಣ ಸೀಮೆಯ ಜನ ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ನೆರೆವಾಗ, ಅಲ್ಲಿಯೇ ಒಂದು ಪ್ರಾತ್ಯಕ್ಷಿಕೆಯ ಆವಿಗೆಯನ್ನು ಹೂಡಿ, ಕಬ್ಬಿಣ ಬೆರೆತ ಒಂದೇ ಮಣ್ಣು ಗಾಳಿಯ ಹೆಚ್ಚು ಕಡಿಮೆಯಿಂದ ಎರಡು ಬಣ್ಣ ತಳೆಯುವುದನ್ನು ತೋರಿಸುವುದು ಸರಕಾರಕ್ಕೆ ಭಾರವಾದ ವೆಚ್ಚವೇನೂ ಅಲ್ಲ. ಪರದೇಶದ ಪಾತ್ರೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಗೌರವಿಸುವ ನಾಡು, ಅದೇ ವಿದ್ಯೆಯ ಬೀಜವನ್ನು ಕೈಯಲ್ಲಿ ಹಿಡಿದಿರುವ ತನ್ನ ಕುಂಬಾರನನ್ನು ಮೊದಲು ಗೌರವಿಸಬೇಕು.