ಹುರಿ ಕಡಿದಿಲ್ಲ, ಎತ್ತಿ ಕೂರಿಸಬೇಡಿ

ಅಡಿಕೆ ಮರದಿಂದ ಬಿದ್ದವನೊಬ್ಬನನ್ನು ನಾನು ಒಮ್ಮೆ ಎತ್ತಿದ್ದೇನೆ. ಎತ್ತಿದ ರೀತಿ ತಪ್ಪು ಎಂದು ತಿಳಿಯುವುದಕ್ಕೆ ವರ್ಷಗಳೇ ಬೇಕಾದವು.

ಮಳೆ ಹೊಳವಾದ ದಿನ. ಕೊಳೆರೋಗದ ಔಷಧಿ ಹೊಡೆಯಲು ಮರ ಹತ್ತಿದ್ದ. ಸದ್ದು ಕೇಳಿ ನಾಲ್ಕೈದು ಮಂದಿ ಓಡಿದೆವು. ಒಬ್ಬರು ರಟ್ಟೆ ಹಿಡಿದರು, ನಾನು ಕಾಲು ಹಿಡಿದೆ, ನಡುವೆ ಸೊಂಟ ತೊಟ್ಟಿಲಿನಂತೆ ಜೋತುಬಿತ್ತು. ಮೊದಲು ಕಟ್ಟೆಯ ಮೇಲೆ ಕೂರಿಸಿ ನೀರು ಕುಡಿಸಿದೆವು. ಆಮೇಲೆ ಆಟೊದಲ್ಲಿ ಇಬ್ಬರ ನಡುವೆ ಒತ್ತರಿಸಿ ಕೂರಿಸಿಕೊಂಡು, ಹೊಂಡ ಬಿದ್ದ ರಸ್ತೆಯಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೋದೆವು. ಅರ್ಧ ದಾರಿಯಲ್ಲಿ ಅವನು, "ನನ್ನ ಕಾಲು ಎಲ್ಲಿದೆ ಅಂತ ಗೊತ್ತಾಗ್ತಾ ಇಲ್ಲ" ಅಂದ. ಬಿದ್ದ ಕೂಡಲೇ ಕಾಲು ಆಡಿಸಿದ್ದನೇ? ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ. ನಾವು ಹೇಗೆ ಎತ್ತಿದ್ದರೂ ಅವನ ಗತಿ ಅದೇ ಆಗುತ್ತಿತ್ತೋ ಏನೋ. ಆ ಅನುಮಾನವನ್ನು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಆಸ್ಪತ್ರೆಯಿಂದ ಬಂದ ಸುದ್ದಿ ಊರಲ್ಲಿ ಹಬ್ಬಿದ್ದು "ಬೆನ್ನುಹುರಿ ಕಡಿದುಹೋಗಿದೆಯಂತೆ" ಎಂದು. ಹುರಿ ಅನ್ನುವ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಹುರಿಯೆಂದರೆ ಹಗ್ಗ, ಹಗ್ಗ ಒಂದೋ ಗಟ್ಟಿ ಇರುತ್ತದೆ, ಇಲ್ಲವೇ ತುಂಡಾಗುತ್ತದೆ. ತುಂಡಾದ ಮೇಲೆ ಮೆಲ್ಲಗೆ ಎತ್ತಿದರೇನು, ಎಳೆದಾಡಿದರೇನು? ನಿಜ ಸಂಗತಿ ಬೇರೆ. ಕಿರುಬೆರಳು ಗಾತ್ರದ ಆ ನರಗಳ ಕಟ್ಟು ಹೆಚ್ಚಿನ ಅಪಘಾತಗಳಲ್ಲಿ ಎರಡು ತುಂಡಾಗುವುದಿಲ್ಲ, ಜಜ್ಜಿಹೋಗುತ್ತದೆ. ಮುರಿದ ಮೂಳೆಯೋ ಜರುಗಿದ ಮೂಳೆಯೋ ಅದನ್ನು ಒತ್ತಿ ಹಿಡಿಯುತ್ತದೆ. ಎಷ್ಟೋ ಸಲ ಅಂಚಿನಲ್ಲಿ ಒಂದಿಷ್ಟು ಎಳೆಗಳು ಉಳಿದಿರುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಂತೆ, ಹಾಗೆ ಉಳಿದ ಸಣ್ಣ ಪಾಲೇ ಮತ್ತೆ ಹೆಜ್ಜೆ ಹಾಕಿಸಬಲ್ಲದು. ಆ ಸಣ್ಣ ಪಾಲು ಮುಂದಿನ ಗಂಟೆಗಳಲ್ಲಿ ಉಳಿಯುತ್ತದೋ ಸಾಯುತ್ತದೋ ಎಂಬುದೇ ದೊಡ್ಡ ಪ್ರಶ್ನೆ.

ಪೆಟ್ಟಿನ ನಂತರದ ಆ ಗಂಟೆಗಳ ಮಹತ್ವವನ್ನು ಮೊದಲು ಗುರುತಿಸಿದವರಲ್ಲಿ ಅಮೆರಿಕದ ಆಲ್ಫ್ರೆಡ್ ಅಲೆನ್ ಒಬ್ಬರು. 1911ರಲ್ಲಿ ಅವರು ನಾಯಿಗಳ ಬೆನ್ನುಹುರಿಯ ಮೇಲೆ ಅಳತೆಯ ತೂಕ ಬೀಳಿಸಿ ನೋಡಿದರು. ಪೆಟ್ಟಾದ ಕೆಲವು ಗಂಟೆಗಳೊಳಗೆ ಹುರಿಯ ನಡುವೆ ಸೀಳಿ, ಒಳಗೆ ಸೇರಿದ ರಕ್ತವನ್ನು ಹೊರಬಿಟ್ಟ ನಾಯಿಗಳು ಉಳಿದವುಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡವು. ಅಂದರೆ ಹಾನಿಯೆಲ್ಲ ಪೆಟ್ಟಿನ ಕ್ಷಣದಲ್ಲೇ ಮುಗಿದಿರಲಿಲ್ಲ. ಆಮೇಲೆ ಒಳಗೆ ಬೇರೇನೋ ನಡೆಯುತ್ತಿತ್ತು.

ಆ ಬೇರೇನೋ ಯಾವುದೆಂದು ಈಗ ಸಾಕಷ್ಟು ಗೊತ್ತಿದೆ. ಪೆಟ್ಟು ಬಿದ್ದ ನಿಮಿಷಗಳಲ್ಲಿ ಹುರಿಯ ನಡುವಿನ ಬೂದು ಭಾಗದ ಕೂದಲೆಳೆಯಂಥ ರಕ್ತನಾಳಗಳು ಒಡೆಯುತ್ತವೆ. ಚುಕ್ಕೆ ಚುಕ್ಕೆ ರಕ್ತಸ್ರಾವ ಗಂಟೆ ಕಳೆದಂತೆ ಒಂದಕ್ಕೊಂದು ಕೂಡಿಕೊಂಡು ಹರಡುತ್ತದೆ. ಹುರಿ ಬಾತುಕೊಳ್ಳುತ್ತದೆ, ಸುತ್ತ ಮೂಳೆಯ ಗೂಡಾದ್ದರಿಂದ ಬಾತುಕೊಳ್ಳಲು ಜಾಗವಿಲ್ಲ. ಬಾತಷ್ಟೂ ರಕ್ತ ಬರುವುದು ಕಡಿಮೆಯಾಗುತ್ತದೆ. ಉಸಿರುಕಟ್ಟಿದ ನರಕೋಶಗಳು ಒಡೆದು ತಮ್ಮೊಳಗಿನ ಗ್ಲುಟಮೇಟ್ ಅನ್ನು ಹೊರಗೆ ಚೆಲ್ಲುತ್ತವೆ. ಅದೇನು ವಿಷವಲ್ಲ, ನರಕೋಶಗಳು ಪರಸ್ಪರ ಮಾತಾಡಲು ದಿನವೂ ಬಳಸುವ ರಾಸಾಯನಿಕ. ಆದರೆ ಒಮ್ಮೆಲೇ ಅಷ್ಟೊಂದು ಸುರಿದಾಗ ಪಕ್ಕದ ಕೋಶಗಳ ಬಾಗಿಲುಗಳೆಲ್ಲ ತೆರೆದುಕೊಂಡು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೋಶದ ಒಳಗಿರುವುದಕ್ಕಿಂತ ಹೊರಗೆ ಕ್ಯಾಲ್ಸಿಯಂ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ತೂಬು ಕಿತ್ತ ಕೆರೆಯಂತೆ ಅದು ಬರುತ್ತದೆ. ಬಂದದ್ದು ಒಳಗಿನ ಕಿಣ್ವಗಳನ್ನು ಎಬ್ಬಿಸುತ್ತದೆ, ಅವು ಕೋಶದ ಗಳ-ತೊಲೆಗಳನ್ನೇ ಕತ್ತರಿಸುತ್ತವೆ. ಕೋಶ ಊದಿ ಒಡೆದು ಮತ್ತಷ್ಟು ಗ್ಲುಟಮೇಟ್ ಚೆಲ್ಲುತ್ತದೆ. ಹೀಗೆ ಒಂದರ ಸಾವು ನೆರೆಯದಕ್ಕೆ ಅಂಟುತ್ತದೆ.

ಇದು ಗದ್ದಲದ ಸಾವು. ಇನ್ನೊಂದು ಸದ್ದಿಲ್ಲದ್ದು. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು ಅದಕ್ಕೆ ಅಪೊಪ್ಟೊಸಿಸ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಎಲೆ ಉದುರುವುದಕ್ಕೆ ಹೇಳುವ ಮಾತು. ಇಲ್ಲಿ ಕೋಶ ಒಡೆಯುವುದಿಲ್ಲ. ಸೂಚನೆ ಬಂದೊಡನೆ ಕುಗ್ಗಿ, ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸಿಕೊಂಡು, ಪುಟ್ಟ ಗಂಟುಗಳಾಗಿ ಕಟ್ಟಿಕೊಳ್ಳುತ್ತದೆ, ಸುತ್ತಲಿನ ಕೋಶಗಳು ಅವನ್ನು ನುಂಗುತ್ತವೆ. ತಾಯ ಬಸಿರಲ್ಲಿ ನಮ್ಮ ಬೆರಳುಗಳು ಬಿಡಿಬಿಡಿಯಾದದ್ದು ನಡುವಿನ ಕೋಶಗಳು ಹೀಗೆ ಸತ್ತದ್ದರಿಂದಲೇ. ಗಾಯಗೊಂಡ ಬೆನ್ನುಹುರಿಯಲ್ಲಿ ಇದೇ ಗುಣ ಮುಳುವಾಗುತ್ತದೆ. ಪೆಟ್ಟು ಬಿದ್ದ ಜಾಗದಿಂದ ದೂರದಲ್ಲಿ, ವಾರಗಳ ನಂತರವೂ, ಆಲಿಗೊಡೆಂಡ್ರೊಸೈಟ್ ಎಂಬ ಕೋಶಗಳು ಹೀಗೆ ಸಾಯುತ್ತವೆಂದು ಇಲಿ ಮತ್ತು ಕೋತಿಗಳಲ್ಲಿ 1997ರಲ್ಲಿ ತೋರಿಸಲಾಯಿತು. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಸಿದಂತೆ ನರದೆಳೆಗಳಿಗೆ ಮಯಲಿನ್ ಹೊದಿಕೆ ಹಾಕುವ ಕೋಶಗಳಿವು. ಒಂದು ಸತ್ತರೆ ಹತ್ತಾರು ಎಳೆಗಳು ಬತ್ತಲು. ಎಳೆ ಇದ್ದೂ ಸಂದೇಶ ಹೋಗದು.

ಇಷ್ಟೆಲ್ಲ ಗೊತ್ತಿದ್ದೂ ಈ ಸರಪಳಿಯನ್ನು ಖಚಿತವಾಗಿ ಕಡಿಯುವ ಔಷಧಿ ಇಂದಿಗೂ ಇಲ್ಲ. 1990ರಲ್ಲಿ ಒಂದು ಸ್ಟಿರಾಯ್ಡ್ ಬಗ್ಗೆ, ಎಂಟು ಗಂಟೆಯೊಳಗೆ ಕೊಟ್ಟರೆ ಅನುಕೂಲ ಎಂದು ದೊಡ್ಡ ಭರವಸೆ ಹುಟ್ಟಿತ್ತು. 2013ರ ಹೊತ್ತಿಗೆ ಅಮೆರಿಕದ ನರಶಸ್ತ್ರವೈದ್ಯರ ಮಾರ್ಗಸೂಚಿಯೇ ಅದು ಬೇಡ ಎಂದಿತು. ವೈದ್ಯರ ಕೈಯಲ್ಲಿ ಈಗ ಉಳಿದಿರುವುದು ಸರಳ ಕೆಲಸಗಳು: ರಕ್ತದೊತ್ತಡ ಇಳಿಯದಂತೆ, ಆಮ್ಲಜನಕ ಕಡಿಮೆಯಾಗದಂತೆ ನೋಡಿಕೊಳ್ಳುವುದು, ಸಾಧ್ಯವಾದರೆ ಒಂದು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಿ ಒತ್ತಡ ತೆಗೆಯುವುದು. (ಆಕರಕೋಶ, ಅಂದರೆ ಸ್ಟೆಮ್ ಸೆಲ್, ಚುಚ್ಚಿ ನಡೆಸುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರು ಸಿಕ್ಕಾರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಅದು ಪ್ರಯೋಗದ ಹಂತದ ವಿಷಯ, ದುಡ್ಡು ತೆಗೆದುಕೊಂಡು ಮಾರುವ ಚಿಕಿತ್ಸೆಯಲ್ಲ. ತೋಟ ಅಡವಿಡಬೇಡಿ.)

ಔಷಧಿ ಇಲ್ಲದ ಕಾಯಿಲೆಯಲ್ಲಿ ಮೊದಲ ಗಂಟೆ ಯಾರ ಕೈಯಲ್ಲಿರುತ್ತದೆ? ಮರದ ಬುಡದಲ್ಲಿ, ರಸ್ತೆಯ ಪಕ್ಕದಲ್ಲಿ ನಿಂತ ನಮ್ಮ ನಿಮ್ಮ ಕೈಯಲ್ಲಿ. ಮುರಿದ ಮೂಳೆ ನಾವು ಎತ್ತಿದ ರಭಸಕ್ಕೆ ಇನ್ನೊಮ್ಮೆ ಜರುಗಿದರೆ, ಸಾಯುವ ಸರದಿಯಲ್ಲಿ ಇಲ್ಲದಿದ್ದ ಕೋಶಗಳೂ ಸರದಿಗೆ ಸೇರುತ್ತವೆ.

ಆದ್ದರಿಂದ ಕೈಮುಗಿದು ಕೇಳಿಕೊಳ್ಳುತ್ತೇನೆ. ಎತ್ತರದಿಂದ ಬಿದ್ದವರನ್ನು, ಬೈಕಿನಿಂದ ಎಸೆಯಲ್ಪಟ್ಟವರನ್ನು, ಕತ್ತು ಬೆನ್ನು ನೋವು ಎನ್ನುವವರನ್ನು, ಕೈಕಾಲು ಜೋಮು ಹಿಡಿದಿದೆ ಎನ್ನುವವರನ್ನು ಎತ್ತಿ ಕೂರಿಸಬೇಡಿ. ಮೊದಲು ಉಸಿರಾಡುತ್ತಿದ್ದಾರೆಯೇ ನೋಡಿ. ಉಸಿರಿನ ಮುಂದೆ ಬೆನ್ನೂ ಎರಡನೆಯದೇ. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಂದ ಒತ್ತಿಹಿಡಿಯಿರಿ. 108ಕ್ಕೆ ಫೋನ್ ಮಾಡಿ, "ಬೆನ್ನಿಗೆ ಪೆಟ್ಟಾಗಿರಬಹುದು" ಎಂದು ಹೇಳಿ. ಒಬ್ಬರು ತಲೆಯ ಹತ್ತಿರ ಕೂತು ಎರಡೂ ಅಂಗೈಯಲ್ಲಿ ತಲೆಯನ್ನು ಅಲುಗದಂತೆ ಹಿಡಿದುಕೊಳ್ಳಲಿ. ನೀರು ಕುಡಿಸಬೇಡಿ, ಅದು ಶ್ವಾಸಕ್ಕೆ ಇಳಿಯಬಹುದು, ಆಪರೇಷನ್‌ಗೂ ತೊಡಕು. ಎಣ್ಣೆ ತಿಕ್ಕುವುದು, ಎಳೆದು ಸರಿಮಾಡುವುದು ಬೇಡವೇ ಬೇಡ. ಆಂಬುಲೆನ್ಸ್ ಬರಲಾಗದ ಜಾಗವೇ? ನಾಲ್ಕೈದು ಮಂದಿ ಸೇರಿ, ತಲೆ ಹಿಡಿದವರು ಹೇಳಿದಾಗ ಎಲ್ಲರೂ ಒಟ್ಟಿಗೆ, ಮರದ ದಿಮ್ಮಿಯನ್ನು ಹೊರಳಿಸಿದಂತೆ ಇಡೀ ಮೈಯನ್ನು ಒಂದೇ ಸಲ ಪಕ್ಕಕ್ಕೆ ಹೊರಳಿಸಿ, ಕೆಳಗೆ ಹಲಗೆ ಸರಿಸಿ. ಹಲಗೆ ಸಿಗದಿದ್ದರೆ ಕಿತ್ತ ಕದವಾದರೂ ಆದೀತು. ಆಟೊದಲ್ಲಿ ಕೂರಿಸುವುದಕ್ಕಿಂತ ಪಿಕಪ್ಪಿನಲ್ಲಿ ಹಲಗೆಯ ಸಮೇತ ಮಲಗಿಸಿ ನಿಧಾನ ಹೋಗುವುದು ಮೇಲು.

ಪೊಲೀಸು, ಕೋರ್ಟು ಎಂದು ಹಿಂಜರಿಯಬೇಡಿ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಕಿರುಕುಳ ಕೊಡಬಾರದೆಂಬ ಮಾರ್ಗಸೂಚಿಗೆ 2016ರಲ್ಲೇ ಸುಪ್ರೀಂ ಕೋರ್ಟು ಕಾನೂನಿನ ಬಲ ಕೊಟ್ಟಿದೆ, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೂ ಅದು ಸೇರಿದೆ.

ಇನ್ನೊಂದು ಕೋರಿಕೆ ಅಡಿಕೆ ಸೀಮೆಯವರಲ್ಲಿ. ಸೊಸೈಟಿಗಳಲ್ಲಿ ದೋಟಿ, ಔಷಧಿ, ಪಂಪು ಎಲ್ಲ ಸಿಗುತ್ತದೆ. ಅದರ ಪಕ್ಕದಲ್ಲಿ ಆರಡಿ ಉದ್ದದ ಒಂದು ಗಟ್ಟಿ ಹಲಗೆ, ಕಟ್ಟಲು ಅಗಲವಾದ ನಾಲ್ಕು ಪಟ್ಟಿ ಇಡಿಸಿ. ಸಾವಿರಗಟ್ಟಲೆ ಖರ್ಚೇನಿಲ್ಲ. ಸರ್ವಸದಸ್ಯರ ಸಭೆಯ ದಿನ ಊಟಕ್ಕೆ ಮೊದಲು ಅರ್ಧ ಗಂಟೆ, ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ, ಹೊರಳಿಸುವುದನ್ನು ಎಲ್ಲರೂ ಒಮ್ಮೆ ಮಾಡಿ ನೋಡಿ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರನ್ನೂ ಔಷಧಿ ಹೊಡೆಯುವವರನ್ನೂ ತಪ್ಪದೇ ಕರೆಯಿರಿ. ಬೀಳುವವರು ಅವರೇ, ಮೊದಲು ಓಡಿ ಬರುವವರೂ ಅವರೇ. ಈ ಸಲದ ಮದ್ದು ಹೊಡೆಯುವ ಕೆಲಸ ಶುರುವಾಗುವ ಮೊದಲು ಇದಾಗಲಿ.