ಸಾಬೂನಿನ ತೂಕದ ಲೆಕ್ಕ

ಸ್ನಾನದ ಸಾಬೂನಿನ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿಸಿರುವುದು ಸ್ವಾಗತಾರ್ಹ. ಆದರೆ ಸಾಬೂನಿನ ಬೆಲೆ ನಿರ್ಧಾರವಾಗುವುದು ದೆಹಲಿಯಲ್ಲಷ್ಟೇ ಅಲ್ಲ, ಅದರ ಕಚ್ಚಾವಸ್ತುವಾದ ತಾಳೆಎಣ್ಣೆಯ ಇಂಡೊನೇಷ್ಯಾ ಮತ್ತು ಮಲೇಷ್ಯಾ ಮಾರುಕಟ್ಟೆಯಲ್ಲೂ ಹೌದು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಾಳೆಎಣ್ಣೆಯ ಆಮದು ಸುಂಕ ಏರಿಸಿದ ಕೆಲವೇ ತಿಂಗಳಲ್ಲಿ ದೊಡ್ಡ ಕಂಪನಿಗಳು ಸಾಬೂನಿನ ದರ ಹೆಚ್ಚಿಸಿದ್ದವು. ಎಣ್ಣೆ ಮತ್ತೆ ದುಬಾರಿಯಾದರೆ ದರ ಹಾಗೇ ಉಳಿದು ಬಿಲ್ಲೆಯ ತೂಕ ಕರಗಬಹುದು. 10 ರೂಪಾಯಿಯ ಸಾಬೂನನ್ನೇ ನೆಚ್ಚಿಕೊಂಡವರ ಪಾಲಿಗೆ ತೆರಿಗೆ ಕಡಿತದ ಲಾಭ ಅಲ್ಲಿಗೇ ಮುಗಿಯಿತು.

ಪ್ರತಿ ಗ್ರಾಂ ಬೆಲೆಯನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂಬ ನಿಯಮವೇನೋ ಇದೆ; ಭೂತಗನ್ನಡಿ ಇಲ್ಲದೆ ಅದನ್ನು ಓದುವುದು ಕಷ್ಟ. ತೂಕ ಇಳಿಸುವ ಕಂಪನಿ ಹಳೆಯ ಮತ್ತು ಹೊಸ ತೂಕವನ್ನು ಪೊಟ್ಟಣದ ಮುಂಭಾಗದಲ್ಲೇ ದಪ್ಪಕ್ಷರಗಳಲ್ಲಿ ಮುದ್ರಿಸುವುದನ್ನು ಕೇಂದ್ರ ಕಡ್ಡಾಯಗೊಳಿಸಬೇಕು.